ಹೆಸರು ಕೇಳದ ತೊಟ್ಟಿಲು

ನಮ್ಮ ಹನುಮಸಾಗರದ ಸುತ್ತಿನ ಹಳ್ಳಿಗಳಲ್ಲಿ ತಿಪ್ಪಣ್ಣ, ತಿಪ್ಪವ್ವ ಎಂಬ ಹೆಸರುಗಳು ಯಾರಿಗೂ ಹೊಸವಲ್ಲ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ ಮತ್ತೊಂದು ಹುಟ್ಟಿದರೆ, ಅದನ್ನು ಕ್ಷಣಕಾಲ ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಬಿಟ್ಟುಹೋದುದನ್ನು ತಾವು ಎತ್ತಿ ತಂದಂತೆ ಮಾಡಿ ಒಳಗೆ ಕರೆದುಕೊಳ್ಳುವ ರೂಢಿಯಿಂದ ಆ ಹೆಸರುಗಳು ಬಂದಿವೆ. ಯಾರಿಗೂ ಬೇಡಾದ ಕೂಸು ಮೃತ್ಯುವಿಗೂ ಬೇಡಾಗುವದೆಂಬುದು ಹಿರಿಯರ ನಂಬಿಗೆ. ಈ ನಂಬಿಗೆಗೆ ನಾವು ನಗಬಹುದು. ಆದರೆ ಬಿಟ್ಟುಕೊಡುವದೂ ಉಳಿಸುವ ಒಂದು ಬಗೆಯಾಗಬಹುದೆಂಬ ಅರಿವು ಅದರೊಳಗಿರುವದು. ಹಡೆದ ಕೂಸನ್ನು ಸಾಕಲಾರದ ತಾಯಿಯು ತನ್ನ ಹೆಸರು ಹೇಳದೆ ಅದನ್ನು ಸುರಕ್ಷಿತವಾದೊಂದು ಸ್ಥಳದಲ್ಲಿ ಬಿಟ್ಟುಹೋಗಲು ಸಮಾಜವು ಒಪ್ಪುವದು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆಯನ್ನು ವಿಚಾರಿಸುವಾಗ ಈ ಅರಿವು ನಮಗೆ ಬೇಕಾಗುವದು.

ಅಧರ್ಮವೆನ್ನುವವರು ಮೊದಲು ಕುಂತಿಯ ಮಾತೆತ್ತುವರು. ಭಾರತವಾಚನದ ರಾತ್ರಿಗಳಲ್ಲಿ ಕರ್ಣನಿಗಾಗಿ ಮರುಗದವರಾರು? ಆದರೆ ವ್ಯಾಸಭಾರತದ ಕುಂತಿಯು ಕೂಸನ್ನು ನೀರಿಗೆಸೆಯಲಿಲ್ಲ. ದಾದಿಯ ಸಂಗಡ ವಿಚಾರಮಾಡಿ, ಪೆಟ್ಟಿಗೆಗೆ ಮೇಣ ಮೆತ್ತಿ, ಒಳಗೆ ಮೆತ್ತನೆಯ ಹಾಸಿಗೆಯಿಟ್ಟು, ಆಮೇಲೆ ಹೊಳೆಯಲ್ಲಿ ಬಿಟ್ಟಳು. ಸಾಯಲೆಂದು ಬಿಡುವವರು ಮೇಣ ಮೆತ್ತುವದಿಲ್ಲ. ಅವಳಿಗೆ ಬೇಕಾಗಿದ್ದುದು ಹೆಸರು ಕೇಳದೆ ಕೂಸನ್ನು ಎತ್ತಿಕೊಳ್ಳುವ ಎರಡು ಕೈಗಳು. ಅವು ದೊರೆಯದೆ ಹೊಳೆಯನ್ನೇ ನೆಚ್ಚಬೇಕಾಯಿತು. ಇನ್ನೊಂದು ಮಾತು: ಸಾವಿರ ವರ್ಷಗಳಿಂದ ಕುಂತಿಯನ್ನು ವಿಚಾರಣೆಗೆ ನಿಲ್ಲಿಸಿರುವ ನಾವು ಸೂರ್ಯನನ್ನು ಒಂದು ದಿನವಾದರೂ ಕರೆಸಿದ್ದುಂಟೆ?

ಈ ಪ್ರಶ್ನೆಯು ಪುರಾಣಕ್ಕೆ ಮಾತ್ರ ಸಂಬಂಧಿಸಿದುದಲ್ಲ. 1881ರಲ್ಲಿ ಸೂರತಿನ ವಿಜಯಲಕ್ಷ್ಮಿಯೆಂಬ ತರುಣ ವಿಧವೆಗೆ ಶಿಶುಹತ್ಯೆಯ ಅಪರಾಧಕ್ಕಾಗಿ ಮರಣದಂಡನೆಯಾಯಿತು; ಮುಂದೆ ಅದನ್ನು ಇಳಿಸಿದರು. ಪತ್ರಿಕೆಗಳು ಹೆಂಗಸರ ನಡತೆಯನ್ನು ಹಳಿಯತೊಡಗಿದಾಗ, ಮರುವರ್ಷವೇ ತಾರಾಬಾಯಿ ಶಿಂದೆಯವರು ‘ಸ್ತ್ರೀ ಪುರುಷ ತುಲನಾ’ ಎಂಬ ಮರಾಠೀ ಪುಸ್ತಕವನ್ನು ಬರೆದು, ಗಂಡಸಿನ ಪಾಲಿನ ತಪ್ಪು ಎಲ್ಲಿ ಹೋಯಿತೆಂದು ಕೇಳಿದರು. ಅದಕ್ಕೂ ಮೊದಲೇ, 1863ರಲ್ಲಿ, ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರು ಪುಣೆಯಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದಿದ್ದರು. ವಿಧವೆಯರು ಗುಪ್ತವಾಗಿ ಬಂದು ಹಡೆಯಬಹುದು, ಕೂಸನ್ನು ಒಯ್ಯುವದೂ ಬಿಡುವದೂ ಅವರ ಇಷ್ಟ ಎಂಬುದು ಅಲ್ಲಿಯ ನಿಯಮ. ಅಲ್ಲಿ ಹುಟ್ಟಿದ ಯಶವಂತನೆಂಬ ಕೂಸನ್ನು ಫುಲೆ ದಂಪತಿಗಳು ತಮ್ಮ ಮಗನನ್ನಾಗಿ ಮಾಡಿಕೊಂಡರು. ನಮ್ಮ ಭಾಗದ ಜನರು ವಿಠ್ಠಲನ ದರ್ಶನಕ್ಕೆ ಹೋಗುವ ಪಂಢರಪುರದಲ್ಲಿಯೂ 1875ರಲ್ಲಿ ಇಂಥ ಕೂಸುಗಳಿಗಾಗಿ ಒಂದು ಅನಾಥಾಲಯವು ಹುಟ್ಟಿತು. ಯಾತ್ರೆಯ ನೆವದಿಂದ ಬಸುರಿ ವಿಧವೆಯರನ್ನು ಅಲ್ಲಿಗೆ ಕರೆತಂದು ಬಿಡುವ ಕುಟುಂಬಗಳಿದ್ದವು. ಊರಿಗೆ ತಿರುಗಿ ಪ್ರಸಾದ ಹಂಚಿದ ಆ ಮನೆಗಳ ಹಿರಿಯರನ್ನು ನೆನೆದರೆ ಸಿಟ್ಟು ಬರುವದು. ಆದರೂ ಆ ಬಾಗಿಲು ಇಲ್ಲದಿದ್ದರೆ ಕೂಸುಗಳ ಪಾಡು ಚಂದ್ರಭಾಗೆಯ ಪಾಲಾಗುತ್ತಿತ್ತು.

ಇನ್ನು ಇಂದಿನ ಕಾಯಿದೆ. ಹನ್ನೆರಡು ವರ್ಷದೊಳಗಿನ ಕೂಸನ್ನು ತಂದೆಯಾಗಲಿ ತಾಯಿಯಾಗಲಿ ತೊರೆದರೆ ಏಳು ವರ್ಷಗಳ ವರೆಗೆ ಸೆರೆಮನೆ ಎಂದು 1860ರ ದಂಡಸಂಹಿತೆಯ 317ನೆಯ ಕಲಮು ವಿಧಿಸಿತ್ತು; 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 93ನೆಯ ಕಲಮಿನಲ್ಲಿಯೂ ಅದೇ ಮಾತು. ಆದರೆ 2015ರ ಬಾಲನ್ಯಾಯ ಕಾಯಿದೆಯು ಇನ್ನೊಂದು ದನಿಯಲ್ಲಿ ನುಡಿಯುವದು. ತಮ್ಮ ಕೈಮೀರಿದ ಸ್ಥಿತಿಯಲ್ಲಿ ಹೆತ್ತವರು ಕೂಸನ್ನು ತೊರೆದಿದ್ದರೆ ಅದು ಬೇಕೆಂದು ಮಾಡಿದ್ದಲ್ಲವೆಂದು ಭಾವಿಸಬೇಕೆಂದು ಅದರ 75ನೆಯ ಕಲಮು ಹೇಳುವದು. ಸಾಕಲಾರದವರು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಕೂಸನ್ನು ಒಪ್ಪಿಸಬಹುದೆಂದು 35ನೆಯದು ಹೇಳುವದು. ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಧಿಯೂ ಉಂಟು. ಇದಕ್ಕಿಂತ ಕರುಣೆಯ ಕಾಯಿದೆಯನ್ನು ಯಾರು ಬರೆದಾರು?

ಆದರೂ ಬೇಲಿಯ ಸಂದಿಯಲ್ಲಿ, ಬಸ್ ನಿಲ್ದಾಣದ ಮೂಲೆಯಲ್ಲಿ ಕೂಸುಗಳು ಸಿಕ್ಕ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಯಾಕಂದರೆ ಸಮಿತಿಯೆಂದರೆ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅದು ಕೂಡುವದು ಕೊಪ್ಪಳದಂಥ ಜಿಲ್ಲಾ ಸ್ಥಳದಲ್ಲಿ. ಗುಟ್ಟಾಗಿ ಹಡೆದ ಹುಡುಗಿಯೊಬ್ಬಳು ಹಸಿ ಮೈಯಲ್ಲಿ ಹನುಮಸಾಗರದಿಂದ ಕುಷ್ಟಗಿಗೆ, ಕುಷ್ಟಗಿಯಿಂದ ಕೊಪ್ಪಳಕ್ಕೆ ಕೂಸನ್ನೆತ್ತಿಕೊಂಡು ಹೋಗಿ, ಐವರ ಎದುರಿಗೆ ತನ್ನ ಕಥೆಯನ್ನು ಹೇಳಿಯಾಳೆ? ಆ ಐವರು ಎಷ್ಟೇ ಸಜ್ಜನರಿರಲಿ, ಅವರ ಗುಟ್ಟು ಕಾಯುವ ಹೊಣೆಯನ್ನು ಕಾಯಿದೆಯು ಎಷ್ಟೇ ಬಿಗಿಯಾಗಿ ಹೇಳಲಿ, ಬಸ್ಸಿನೊಳಗಿನ ಕಣ್ಣುಗಳಿಗೆ ಯಾವ ಕಾಯಿದೆಯುಂಟು? ಅವಳನ್ನು ಅಟ್ಟಿಸಿಕೊಂಡು ಬರುವದು ಪೋಲೀಸರಿಗಿಂತ ಹೆಚ್ಚಾಗಿ ನೆರೆಮನೆಯವರು, ಎಂದರೆ ನಾವು.

ಆದುದರಿಂದಲೇ ಬರಿಯ ತೊಟ್ಟಿಲಿನ ಏರ್ಪಾಡು ಹುಟ್ಟಿತು. ತಮಿಳುನಾಡಿನ ಸೇಲಂ ಜಿಲ್ಲೆಯಲ್ಲಿ 1992ರಲ್ಲಿಯೂ ಕೇರಳದ ತಿರುವನಂತಪುರದಲ್ಲಿ 2002ರಲ್ಲಿಯೂ ಅದನ್ನಿಟ್ಟರು. ನಮ್ಮ ರಾಜ್ಯದ ಕೆಲವೆಡೆಗಳಲ್ಲಿ ಅದಕ್ಕೆ ‘ಮಮತೆಯ ತೊಟ್ಟಿಲು’ ಎಂದು ಹೆಸರು. ಅಮೇರಿಕೆಯಲ್ಲಿ 1999ರಲ್ಲಿ ಟೆಕ್ಸಾಸ್ ಸಂಸ್ಥಾನವು ಇದನ್ನು ಕಾಯಿದೆಯಾಗಿಯೇ ಮಾಡಿತು. ಕೊನೆಯವರಾಗಿ 2008ರಲ್ಲಿ ಸೇರಿದ ನೆಬ್ರಾಸ್ಕದವರು ವಯಸ್ಸಿನ ಮಿತಿಯನ್ನು ಬರೆಯದ್ದರಿಂದ ಜನರು ಹದಿಹರೆಯದ ಮಕ್ಕಳನ್ನೂ ತಂದು ಬಿಡತೊಡಗಿದರು. ಕೆಲವೇ ತಿಂಗಳಲ್ಲಿ ಮೂವತ್ತು ದಿನಗಳ ಮಿತಿಯನ್ನು ಸೇರಿಸಬೇಕಾಯಿತು. ಮನೆಯೊಳಗಿನ ಸಂಕಟಕ್ಕೆ ಬೇರೆ ಬಾಗಿಲಿಲ್ಲದಿದ್ದರೆ ತೆರೆದ ಒಂದೇ ಬಾಗಿಲಿಗೆ ಎಲ್ಲರೂ ನುಗ್ಗುವರು.

ತೊಟ್ಟಿಲಿನ ಮೇಲಣ ಆಕ್ಷೇಪಗಳಲ್ಲಿ ಎರಡು ನಿಜವಾಗಿ ಭಾರವಾದವು. ಹೆಣ್ಣೆಂಬ ಕಾರಣಕ್ಕೆ ಕೂಸನ್ನು ಬಿಡುವವರಿಗೆ ಅದು ಅನುಕೂಲವಾಗುವದೆಂಬುದು ಒಂದು. ಸೇಲಮಿನ ಕಾಲದಿಂದಲೂ ಈ ಮಾತು ಇದೆ. ನಾಚಿಕೆಯಿಂದ ಬಿಟ್ಟವಳನ್ನೂ ಮಗಳು ಬೇಡೆಂದು ಬಿಟ್ಟವರನ್ನೂ ತೊಟ್ಟಿಲು ಬೇರ್ಪಡಿಸಲಾರದು. ಆದರೆ ಬಿಟ್ಟವರ ಮೇಲಣ ನಮ್ಮ ತಿರಸ್ಕಾರವನ್ನು ತೀರಿಸಲು ಕೂಸನ್ನು ಒತ್ತೆಯಿಡುವದು ಯಾವ ನ್ಯಾಯ?

ಎರಡನೆಯದು ನನ್ನನ್ನು ಹೆಚ್ಚು ಕಾಡುವದು. ಸಮಿತಿಯ ಮುಂದೆ ಒಪ್ಪಿಸಿದ ಕೂಸು ಬೆಳೆದು ತನ್ನ ಮೂಲವನ್ನು ಕೇಳಿದರೆ, ತಾಯಿಯು ಹೆಸರು ಹೇಳಲು ಒಪ್ಪದಿದ್ದರೂ ಯಾವ ಸ್ಥಿತಿಯಲ್ಲಿ ತನ್ನನ್ನು ಒಪ್ಪಿಸಿದಳೆಂಬುದನ್ನಾದರೂ ದತ್ತಕದ ನಿಯಮಗಳು ತಿಳಿಸುವವು. ತೊಟ್ಟಿಲಿನ ಕೂಸಿಗೆ ಅಷ್ಟೂ ಇಲ್ಲ. ಕರ್ಣನಿಗೆ ಯುದ್ಧದ ಮುನ್ನವಾದರೂ ತಿಳಿಯಿತು. ತಾಯಿಯ ಮೌನದ ಬೆಲೆಯನ್ನು ತೆರುವದು ಕೂಸೇ ಎಂಬುದನ್ನು ಮುಚ್ಚಿಟ್ಟು ತೊಟ್ಟಿಲನ್ನು ಹೊಗಳುವದು ಪ್ರಾಮಾಣಿಕವಾಗದು. ಆದರೂ ಬದುಕಿದ ಕೂಸು ಮಾತ್ರವೇ ಮುಂದೊಮ್ಮೆ ‘ನಾನು ಯಾರು?’ ಎಂದು ಕೇಳಬಲ್ಲದು. ಆದುದರಿಂದ ನಾನು ತೊಟ್ಟಿಲಿನ ಪಕ್ಷದವನು.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಥಾಮಸ್ ಕೋರಮನ ಅನಾಥಾಲಯಕ್ಕೆ ಕೂಸನ್ನು ತಂದ ತಾಯಂದಿರು ಗುರುತಿಗೆಂದು ಒಂದು ಬಟ್ಟೆಯ ತುಂಡನ್ನೋ ನಾಣ್ಯವನ್ನೋ ಬಿಟ್ಟುಹೋಗುತ್ತಿದ್ದರು. ಅವು ಇಂದಿಗೂ ಉಳಿದಿವೆ. ನಮ್ಮ ತೊಟ್ಟಿಲುಗಳ ಬಳಿಯಲ್ಲಿಯೂ ಒಂದು ಲಕೋಟೆ, ಒಂದು ಸೀಸಕಡ್ಡಿ ಇರಲಿ. ಬರೆಯಬಲ್ಲವಳು ಹೆಸರಿಲ್ಲದೆ ಎರಡು ಸಾಲು ಬರೆದಿಡಲಿ. ಬರೆಯಲಾರದವಳು ಸೆರಗಿನ ಚೂರೊಂದನ್ನು ಹರಿದು ಹಾಕಿ ಹೋಗಲಿ. ಹದಿನೆಂಟು ವರ್ಷಗಳ ವರೆಗೆ ಅದನ್ನು ತೆರೆಯದೆ ಜೋಪಾನಮಾಡುವದು ಸರಕಾರಕ್ಕೆ ಭಾರವಾಗಲಾರದು.