ಹಿತ್ತಲ ಗಿಡ ಮದ್ದಲ್ಲವೇ?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮ ಬಾಯಿಗೆ ಬರುವುದು ಬೇಸರದ ಹೊತ್ತಿನಲ್ಲಿ. ಊರಿನಲ್ಲೇ ಒಳ್ಳೆಯ ಹಾಡುಗಾರ್ತಿ ಇದ್ದರೂ ಜಾತ್ರೆಗೆ ಪರವೂರಿನವರನ್ನು ಕರೆಸಿದಾಗ, ಮನೆಯ ಸಾರು ಉಂಡು ಸುಮ್ಮನೆ ಎದ್ದವರು ಹೋಟೆಲಿನ ಸಾರನ್ನು ಬಾಯ್ತುಂಬ ಹೊಗಳಿದಾಗ ಯಾರೋ ಒಬ್ಬರು ಈ ಮಾತು ಆಡಿ ನಿಟ್ಟುಸಿರು ಬಿಡುತ್ತಾರೆ. ಕೇಳಿದವರು ಹೌದೆಂದು ತಲೆಯಾಡಿಸುತ್ತಾರೆ. ಗಾದೆಯ ಕೆಲಸ ಅಲ್ಲಿಗೆ ಮುಗಿದುಹೋಗುತ್ತದೆ.

ಆದರೆ ಆ ಹಿತ್ತಲಲ್ಲಿ ಏನೇನು ಬೆಳೆದಿತ್ತು ಎಂದು ಒಮ್ಮೆ ನೆನೆಯಬೇಕು. ಬಚ್ಚಲ ನೀರು ಹರಿಯುವ ಕಡೆ ಒಂದೆಲಗ, ಗೋಡೆಯ ಪಕ್ಕ ದೊಡ್ಡಪತ್ರೆ, ಬೇಲಿಗೆ ಹಬ್ಬಿದ ಅಮೃತಬಳ್ಳಿ, ಮಳೆ ಬಿದ್ದೊಡನೆ ತಾನಾಗಿ ಏಳುವ ನೆಲನೆಲ್ಲಿ. ಮಗುವಿಗೆ ಕೆಮ್ಮು ಬಂದರೆ ಅಜ್ಜಿ ದೊಡ್ಡಪತ್ರೆಯ ಎಲೆ ಬಾಡಿಸಿ ರಸ ಹಿಂಡುತ್ತಿದ್ದಳು, ಬೇಸಿಗೆಯಲ್ಲಿ ಒಂದೆಲಗದ ತಂಬುಳಿ ಮಾಡುತ್ತಿದ್ದಳು. ಅಂದರೆ ಗಿಡದಲ್ಲಿ ಗುಣವಿಲ್ಲ ಎಂದು ಗಾದೆ ಹೇಳುತ್ತಿಲ್ಲ. ದಿನಾ ಕಣ್ಣಿಗೆ ಬೀಳುವುದನ್ನು ಕಣ್ಣು ನೋಡುವುದನ್ನೇ ಬಿಡುತ್ತದೆ ಎಂಬುದು ಅದರ ದೂರು. ಗಾದೆ ಬೊಟ್ಟು ಮಾಡಿ ತೋರಿಸುತ್ತಿರುವುದು ನೋಡುವವರನ್ನು.

ಈ ಗಾದೆಯನ್ನು ಇನ್ನೂ ಒಂದು ಹೆಜ್ಜೆ ಒಳಕ್ಕೆ ಒಯ್ಯಬೇಕು ಎನ್ನುವುದು ನನ್ನ ಆಸೆ. ಊರು ತನ್ನವರನ್ನು ಕಡೆಗಣಿಸುತ್ತದೆ, ಮನೆ ತನ್ನ ಮಕ್ಕಳನ್ನು ಕಡೆಗಣಿಸುತ್ತದೆ. ಇಷ್ಟನ್ನು ನಾವು ಒಪ್ಪುತ್ತೇವೆ. ಕೊನೆಗೆ ಆ ಮಗು ತನ್ನನ್ನು ತಾನೇ ಕಡೆಗಣಿಸುವುದನ್ನು ಕಲಿಯುತ್ತದೆ. ತನ್ನಲ್ಲಿರುವುದು ತನ್ನದೆಂಬ ಒಂದೇ ಕಾರಣಕ್ಕೆ ಬೆಲೆ ಇಲ್ಲದ್ದಾಗಿ ಅದಕ್ಕೆ ಕಾಣುತ್ತದೆ. ನಾವು ಕೀಳರಿಮೆ ಎನ್ನುವುದು ಇದನ್ನೇ. ಇದು ಯಾರೂ ಹುಟ್ಟುವಾಗ ತಂದ ಗುಣವಲ್ಲ. ಬೇರೆಯವರ ನೋಟ ನಮ್ಮೊಳಗೆ ಇಳಿದು, ನಮ್ಮದೇ ನೋಟವಾಗಿ ನೆಲೆಸಿದ ಸ್ಥಿತಿ.

ಕರ್ನಾಟಕದಲ್ಲಿ ಪ್ರತಿ ವರ್ಷ ಜೂನ್ ಹೊತ್ತಿಗೆ ಇದು ಸಾವಿರಾರು ಮಕ್ಕಳಲ್ಲಿ ನಡೆಯುತ್ತದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗಳಾದ ಹುಡುಗಿಯೊಬ್ಬಳು ಪೇಟೆಯ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ ಎಂದುಕೊಳ್ಳಿ. ವೇಗೋತ್ಕರ್ಷದ ಲೆಕ್ಕ ಅವಳಿಗೆ ಬರುತ್ತದೆ, ದ್ಯುತಿಸಂಶ್ಲೇಷಣೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸಬಲ್ಲಳು. ಆದರೆ ತರಗತಿಯಲ್ಲಿ ಕೇಳುವುದು ಆಕ್ಸಲರೇಶನ್, ಫೋಟೋಸಿಂಥೆಸಿಸ್. ಗೊತ್ತಿರುವುದೇ ಗೊತ್ತಿಲ್ಲದ್ದಾಗಿ ಬಂದು ಎದುರು ನಿಲ್ಲುತ್ತದೆ. ಪಕ್ಕದ ಬೆಂಚಿನವರು ಇಂಗ್ಲಿಷಿನಲ್ಲಿ ಪಟಪಟನೆ ಉತ್ತರ ಕೊಡುತ್ತಾರೆ. ಮೊದಲ ವಾರ ಅವಳು ಕೈ ಎತ್ತಲು ಹಿಂಜರಿಯುತ್ತಾಳೆ, ಎರಡನೇ ವಾರ ಎತ್ತುವುದಿಲ್ಲ, ಆಮೇಲೆ ಹಿಂದಿನ ಬೆಂಚಿಗೆ ಹೋಗುತ್ತಾಳೆ. ಉಪನ್ಯಾಸಕರಿಗೆ ಇವಳಿಗೆ ಆಸಕ್ತಿ ಇಲ್ಲ ಎನ್ನಿಸುತ್ತದೆ. ಸಂದೇಹ ಕೇಳದ್ದರಿಂದ ಪಾಠ ಉಳಿದುಹೋಗುತ್ತದೆ, ಟೆಸ್ಟಿನಲ್ಲಿ ಅಂಕ ಇಳಿಯುತ್ತದೆ. ಆ ಅಂಕವನ್ನೇ ಕೈಯಲ್ಲಿ ಹಿಡಿದು ಅವಳು, ನಾನು ದಡ್ಡಿ, ಹಳ್ಳಿಯಲ್ಲಿ ಮಾತ್ರ ಜಾಣೆಯಾಗಿದ್ದೆ ಎಂದು ತೀರ್ಪು ಬರೆದುಕೊಳ್ಳುತ್ತಾಳೆ.

ಬ್ರಿಟನ್ನಿನ ಚಿಕಿತ್ಸಾ ಮನೋವಿಜ್ಞಾನಿ ಮೆಲನಿ ಫೆನೆಲ್ 1997ರಲ್ಲಿ ಈ ಸುಳಿಯನ್ನು ಬಿಡಿಸಿ ತೋರಿಸಿದರು. ಅವರು ಹೇಳುವಂತೆ, ಬಾಲ್ಯದ ಅನುಭವಗಳಿಂದ ಮನುಷ್ಯ ತನ್ನ ಬಗ್ಗೆ ಒಂದು ಕೊನೆಯ ತೀರ್ಮಾನಕ್ಕೆ ಬಂದಿರುತ್ತಾನೆ: ನಾನು ಸಾಲದವನು. ಅದನ್ನು ಮುಚ್ಚಿಟ್ಟುಕೊಂಡು ಬದುಕಲು ಕೆಲವು ಕಟ್ಟಳೆಗಳನ್ನು ಹಾಕಿಕೊಳ್ಳುತ್ತಾನೆ. ಎಂದೂ ತಪ್ಪಬಾರದು, ಯಾರಿಗೂ ಬೇಸರ ಮಾಡಬಾರದು, ಬಾರದ ಕೆಲಸಕ್ಕೆ ಕೈ ಹಾಕಬಾರದು. ಕಟ್ಟಳೆ ಮುರಿಯುವ ಸಂದರ್ಭ ಬಂದಾಗ ಎದೆ ಡವಗುಟ್ಟುತ್ತದೆ, ಅವನು ಹಿಂದೆ ಸರಿಯುತ್ತಾನೆ. ಸರಿದದ್ದೇ ಸಾಲದವನು ಎಂಬುದಕ್ಕೆ ಹೊಸ ಸಾಕ್ಷಿ. ಸರಿಯದೆ ನಿಂತಿದ್ದರೆ ಏನಾಗುತ್ತಿತ್ತು ಎಂಬುದು ಅವನಿಗೆ ಎಂದೂ ತಿಳಿಯುವುದೇ ಇಲ್ಲ. ಕೀಳರಿಮೆ ವರ್ಷಗಟ್ಟಲೆ ಉಳಿಯುವುದು ಹೀಗೆ, ಪರೀಕ್ಷೆಗೆ ಒಳಗಾಗದೆಯೇ.

ಈ ತೀರ್ಮಾನ ಮೊದಲು ಹುಟ್ಟುವುದು ಹೆಚ್ಚಾಗಿ ಮನೆಯಲ್ಲಿ. ‘ನಿನ್ನ ಕೈಲಿ ಏನಾಗುತ್ತೆ’, ‘ಪಕ್ಕದ ಮನೆ ಹುಡುಗನ್ನ ನೋಡಿ ಕಲಿ’, ‘ನಿನ್ನಕ್ಕ ನಿನ್ನ ವಯಸ್ಸಿಗೆ ಹೇಗಿದ್ದಳು ಗೊತ್ತಾ’ ಎಂಬ ಮಾತುಗಳನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆಡಿದವರಿಗೆ ಕೇಡು ಬಗೆಯುವ ಉದ್ದೇಶವಿರಲಿಲ್ಲ, ಛಲ ಹುಟ್ಟಲಿ ಎಂಬ ಆಸೆ ಅವರದು. ಎದುರಿಗೆ ಹೊಗಳಿದರೆ ತಲೆಗೇರುತ್ತದೆ, ದೃಷ್ಟಿಯಾಗುತ್ತದೆ ಎಂಬ ಅಂಜಿಕೆಯೂ ಜೊತೆಗಿದೆ. ನೆಂಟರು ಮಗುವನ್ನು ಮೆಚ್ಚಿದರೆ ತಾಯಿಯೇ, ‘ಅಯ್ಯೋ, ಇವಳದು ಬರೀ ಆಟ’ ಎಂದು ಮುಚ್ಚಿಹಾಕುತ್ತಾಳೆ. ಪ್ರೀತಿಯಿಂದಲೇ ಆಡಿದ ಮಾತು ಅದು. ಆದರೆ ಆರು ವರ್ಷದ ಮಗುವಿಗೆ ಪ್ರೀತಿಯ ಒಳಮರ್ಮ ತಿಳಿಯುವುದಿಲ್ಲ, ಮಾತು ಮಾತ್ರ ಕೇಳಿಸುತ್ತದೆ.

ಬೈಗುಳಕ್ಕಿಂತ ಆಳವಾದ ಗಾಯ ಇನ್ನೊಂದಿದೆ. ಅಮೆರಿಕದ ಸಮಾಜವಿಜ್ಞಾನಿ ಮಾರಿಸ್ ರೋಸೆನ್‌ಬರ್ಗ್ ನ್ಯೂಯಾರ್ಕ್ ರಾಜ್ಯದ 5,000ಕ್ಕೂ ಹೆಚ್ಚು ಪ್ರೌಢಶಾಲಾ ಮಕ್ಕಳನ್ನು ಅಧ್ಯಯನ ಮಾಡಿ 1965ರಲ್ಲಿ ಪುಸ್ತಕ ಪ್ರಕಟಿಸಿದರು. ಆತ್ಮಗೌರವವನ್ನು ಅಳೆಯಲು ಇವತ್ತಿಗೂ ಜಗತ್ತಿನೆಲ್ಲೆಡೆ ಬಳಸುವ 10 ಹೇಳಿಕೆಗಳ ಪಟ್ಟಿ ಅವರದೇ. ಮಕ್ಕಳ ಗೆಳೆಯರು ಯಾರೆಂದು ಗೊತ್ತಿಲ್ಲದ, ಅಂಕ ಎಷ್ಟು ಬಂದರೂ ಏನೂ ಅನ್ನದ, ಊಟದ ಹೊತ್ತಿನಲ್ಲಿ ಅವರ ಮಾತಿಗೆ ಕಿವಿಗೊಡದ ತಂದೆತಾಯಿಯರ ಮಕ್ಕಳಲ್ಲಿ ಆತ್ಮಗೌರವ ಕಡಿಮೆಯಿತ್ತು. ಗದರಿಸಿ ಶಿಕ್ಷಿಸುವ ತಂದೆತಾಯಿಯರ ಮಕ್ಕಳಿಗಿಂತಲೂ ಕಡಿಮೆ. ನಮ್ಮ ಗಾದೆಯ ನಿಜವಾದ ವ್ಯಾಖ್ಯಾನ ನನಗೆ ಇಲ್ಲಿ ಸಿಗುತ್ತದೆ. ಹಿತ್ತಲ ಗಿಡವನ್ನು ಯಾರೂ ಕಿತ್ತು ಎಸೆಯುವುದಿಲ್ಲ, ಅದರತ್ತ ನೋಡುವುದಿಲ್ಲ ಅಷ್ಟೆ.

ಮನೆಯನ್ನಷ್ಟೇ ದೂರಿ ನಿಲ್ಲಿಸಿದರೆ ಅನ್ಯಾಯವಾದೀತು. ಕೆಲವು ಗಿಡಗಳನ್ನು ಮದ್ದಲ್ಲವೆಂದು ಇಡೀ ಸಮಾಜ ಕೂಡಿ ತೀರ್ಮಾನಿಸಿರುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ಸುತ್ತುಬಳಸು ದಾರಿಗಳ ಚಕ್ರವ್ಯೂಹ ಕೊಟ್ಟು, ಬಿಡಿಸಿದ ಲೆಕ್ಕಕ್ಕೆ ತಕ್ಕಂತೆ ಹಣ ಕೊಡುತ್ತೇವೆ ಎಂದರು. ಯಾರ ಜಾತಿಯನ್ನೂ ಎತ್ತದೆ ಇದ್ದಾಗ ಮೇಲ್ಜಾತಿಯ ಹುಡುಗರೂ ಕೆಳಗೆ ತಳ್ಳಲ್ಪಟ್ಟ ಜಾತಿಗಳ ಹುಡುಗರೂ ಸರಿಸಮವಾಗಿ ಬಿಡಿಸಿದರು. ಇನ್ನೊಂದು ಗುಂಪಿನಲ್ಲಿ ಆಟಕ್ಕೆ ಮೊದಲು ಪ್ರತಿ ಹುಡುಗನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಊರು, ಜಾತಿಯನ್ನು ಎಲ್ಲರೆದುರು ಓದಿ ಹೇಳಲಾಯಿತು. ಅಲ್ಲಿ ಕೆಳಗೆ ತಳ್ಳಲ್ಪಟ್ಟ ಜಾತಿಗಳ ಹುಡುಗರ ಸಾಧನೆ ಕುಸಿಯಿತು, ದೊಡ್ಡ ಅಂತರ ಕಾಣಿಸಿಕೊಂಡಿತು. ಒಂದು ವಾಕ್ಯ ಓದುವಷ್ಟು ಹೊತ್ತಿನಲ್ಲಿ ಆ ಹುಡುಗರ ಬುದ್ಧಿಯಲ್ಲಿ ಏನೂ ಬದಲಾಗಿರಲಿಲ್ಲ. ತಮ್ಮನ್ನು ಇಲ್ಲಿ ಹೇಗೆ ನೋಡಲಾಗುತ್ತದೆ ಎಂಬುದು ನೆನಪಾಗಿತ್ತು. 2004ರಲ್ಲಿ ವಿಶ್ವಬ್ಯಾಂಕಿನ ಮೂಲಕ ಪ್ರಕಟವಾದ ಈ ಅಧ್ಯಯನವನ್ನು ಪ್ರತಿಯೊಬ್ಬ ಶಿಕ್ಷಕರೂ ಓದಬೇಕು. ಹಾಜರಿ ಕರೆಯುವಾಗ, ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯ ನಡುವೆ ಗಟ್ಟಿಯಾಗಿ ಓದುವಾಗ ತಾವು ಏನು ಮಾಡುತ್ತಿದ್ದೇವೆ ಎಂಬುದು ಅವರಿಗೆ ತಿಳಿದಿರಲಿ.

ಹಿತ್ತಲ ಗಿಡದ ಜೊತೆಗೆ ನಮ್ಮಲ್ಲಿ ಇನ್ನೊಂದು ಗಾದೆ ಇದೆ: ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಎರಡೂ ಒಂದೇ ಕಣ್ಣಿನ ಕಾಯಿಲೆಯನ್ನು ಹೇಳುತ್ತವೆ. ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಆತ್ಮಗೌರವಕ್ಕೆ ಒಂದು ಲೆಕ್ಕ ಕೊಟ್ಟಿದ್ದರು: ಪಡೆದದ್ದನ್ನು ಬಯಸಿದ್ದರಿಂದ ಭಾಗಿಸಿದರೆ ಬರುವುದು ಅದು. ಜಗತ್ತಿನ ಎರಡನೇ ಶ್ರೇಷ್ಠ ಮುಷ್ಟಿಪಟು ಕೋಟಿ ಜನರನ್ನು ಮಣಿಸಬಲ್ಲವನಾದರೂ ಒಬ್ಬನಿಗಿಂತ ಕಡಿಮೆಯಾದೆನೆಂದು ನಾಚಿಕೆಯಿಂದ ಕುಗ್ಗುತ್ತಾನೆ ಎಂದು ಅವರು ತೋರಿಸಿದರು. ಅಂದು ಹೋಲಿಸಿಕೊಳ್ಳಲು ಊರಿನ ನಾಲ್ಕು ಜನರಿದ್ದರು. ಇಂದು ಮೊಬೈಲಿನಲ್ಲಿ ಇಡೀ ಲೋಕದ ನುಣ್ಣನೆಯ ಬೆಟ್ಟಗಳು ಬೆಳಗ್ಗೆ ಏಳುವ ಮೊದಲೇ ಹಾಸಿಗೆಗೆ ಬರುತ್ತವೆ. ಆ ಬೆಟ್ಟಗಳ ಕಲ್ಲುಮುಳ್ಳನ್ನು ಯಾರೂ ರೀಲ್ಸಿಗೆ ಹಾಕುವುದಿಲ್ಲ.

ಪರಿಣಾಮಗಳ ಬಗ್ಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ, ಸುತ್ತ ನೋಡಿದರೆ ಕಾಣುತ್ತವೆ. ಮೆಚ್ಚಿದರೆ ನಂಬದವರು, ಹತ್ತು ವರ್ಷ ದುಡಿದರೂ ಸಂಬಳ ಹೆಚ್ಚಿಸಿ ಎಂದು ಕೇಳದವರು, ಅವಮಾನ ಮಾಡುವ ಗಂಡನನ್ನು ‘ನನಗೆ ಇಷ್ಟೇ ಯೋಗ್ಯತೆ’ ಎಂದು ಸಹಿಸುವವರು. ಬಹುಕಾಲ ಉಳಿದ ಕೀಳರಿಮೆ ಖಿನ್ನತೆಗೆ ದಾರಿ ಮಾಡಿಕೊಡುತ್ತದೆ. ನಿದ್ದೆ, ಊಟ ಕೆಟ್ಟು, ಬದುಕೇ ಬೇಡವೆನ್ನುವ ಮಟ್ಟಕ್ಕೆ ಹೋದಾಗ ಅದು ಕಾಯಿಲೆ; ಬುದ್ಧಿವಾದದಿಂದ ಹೋಗುವುದಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆ ಪ್ರತಿ ಕಾಲೇಜಿನ ಗೋಡೆಯ ಮೇಲೆ ಇರಬೇಕು.

ಹಾಗಾದರೆ ಮದ್ದೇನು? ಹೊಗಳಿಕೆ ಎಂದು ಥಟ್ಟನೆ ಹೇಳಬೇಕೆನ್ನಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಹಾಗೆಯೇ ಅಂದುಕೊಂಡಿತ್ತು. ಜಾನ್ ವಾಸ್ಕಾನ್ಸೆಲೋಸ್ ಎಂಬ ಶಾಸಕರ ಒತ್ತಾಸೆಯಿಂದ 1986ರಲ್ಲಿ ಅಲ್ಲಿ ಆತ್ಮಗೌರವಕ್ಕೆಂದೇ ಒಂದು ಸರ್ಕಾರಿ ಕಾರ್ಯಪಡೆ ರಚನೆಯಾಯಿತು. ಜನರ ಆತ್ಮಗೌರವ ಏರಿಸಿದರೆ ಅಪರಾಧ, ಮಾದಕವ್ಯಸನ, ಶಾಲೆಯ ಸೋಲು ಎಲ್ಲವೂ ಇಳಿಯುತ್ತವೆ ಎಂಬ ನಂಬಿಕೆ ಅದರದು. 2003ರಲ್ಲಿ ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಅಷ್ಟೂ ವರ್ಷಗಳ ಸಂಶೋಧನೆಗಳನ್ನು ಜಾಲಾಡಿದಾಗ, ಆತ್ಮಗೌರವ ಏರಿಸಿದ ಮಾತ್ರಕ್ಕೆ ಅಂಕ ಏರುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಚೆನ್ನಾಗಿ ಕಲಿತದ್ದರ ಫಲವಾಗಿ ಆತ್ಮಗೌರವ ಬರುವುದೇ ಹೆಚ್ಚು ಎಂದು ಕಂಡಿತು.

ಕೆನಡಾದ ಮನೋವಿಜ್ಞಾನಿ ಜೊಆನ್ ವುಡ್ 2009ರಲ್ಲಿ ಇನ್ನೂ ಮುಖ್ಯವಾದ ಸಂಗತಿ ಹೇಳಿದರು. ‘ನಾನು ಪ್ರೀತಿಗೆ ಯೋಗ್ಯ’ ಎಂಬ ಬಗೆಯ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ಕೀಳರಿಮೆ ಇದ್ದವರ ಮನಸ್ಸು ಇನ್ನಷ್ಟು ಕುಗ್ಗಿತು. ಬಾಯಿ ಹೇಳಿದ್ದನ್ನು ಒಳಗಿನ ನೋಟ ಸುಳ್ಳೆಂದು ತಳ್ಳಿಹಾಕುತ್ತದೆ. ನೆದರ್ಲೆಂಡ್ಸ್‌ನ ಮನೋವಿಜ್ಞಾನಿ ಎಡ್ಡಿ ಬ್ರುಮ್ಮೆಲ್ಮನ್ 2014ರಲ್ಲಿ ಮಕ್ಕಳಲ್ಲೂ ಇಂಥದ್ದನ್ನೇ ಕಂಡರು. ಮಗುವಿನ ಚಿತ್ರವನ್ನು ‘ಅದ್ಭುತ, ಅದ್ಭುತ’ ಎಂದು ಅತಿಯಾಗಿ ಹೊಗಳಿದರೆ ಕೀಳರಿಮೆಯ ಮಕ್ಕಳು ಮುಂದಿನ ಸಲ ಕಷ್ಟದ ಚಿತ್ರವನ್ನು ಬಿಟ್ಟು ಸುಲಭದ್ದನ್ನು ಆರಿಸಿಕೊಂಡರು, ಅಷ್ಟು ಎತ್ತರ ಮತ್ತೆ ಮುಟ್ಟಲಾಗದೆಂಬ ಭಯದಿಂದ. ಹೊಗಳಿದರೆ ಕೆಡುತ್ತಾರೆ ಎಂಬ ನಮ್ಮ ಹಿರಿಯರ ಅಂಜಿಕೆಯಲ್ಲಿ ಒಂದು ಎಳೆ ನಿಜವಿತ್ತು ಎಂದು ಒಪ್ಪಲೇಬೇಕು. ಆದರೆ ಅವರು ಅಲ್ಲಿಂದ ಮೌನಕ್ಕೆ ಹೋದರು. ಅದು ಸರಿಯಾಗಲಿಲ್ಲ.

ಗಿಡ ಮದ್ದೋ ಅಲ್ಲವೋ ಎಂಬುದು ಅದನ್ನು ಕೊಂಡಾಡುವುದರಿಂದ ತಿಳಿಯುವುದಿಲ್ಲ. ಎಲೆ ಕಿತ್ತು, ಅರೆದು, ಕೊಟ್ಟು ನೋಡಬೇಕು. ಫೆನೆಲ್ ಅವರ ಚಿಕಿತ್ಸೆಯ ತಿರುಳೂ ಇದೇ. ಹೆದರಿಕೆ ಏನೆಂದು ಮೊದಲು ಸ್ಪಷ್ಟವಾಗಿ ಬರೆದುಕೊಳ್ಳುವುದು: ‘ಸಂದೇಹ ಕೇಳಿದರೆ ಇಡೀ ತರಗತಿ ನಗುತ್ತದೆ.’ ಆಮೇಲೆ ಒಂದೇ ಒಂದು ಸಲ ಕೇಳುವುದು. ಏನಾಯಿತೆಂದು ಅದರ ಪಕ್ಕದಲ್ಲೇ ಬರೆಯುವುದು. ಇಬ್ಬರು ನಕ್ಕಿರಬಹುದು, ಉಳಿದವರು ಉತ್ತರವನ್ನು ತಾವೂ ಬರೆದುಕೊಂಡಿರಬಹುದು. ಬರೆದಿಡಲೇಬೇಕು, ಏಕೆಂದರೆ ಕೀಳರಿಮೆ ಇರುವ ಮನಸ್ಸು ಸೋಲನ್ನು ನೆನಪಿಡುತ್ತದೆ, ಗೆಲುವನ್ನು ಅದೃಷ್ಟವೆಂದು ಅಳಿಸಿಹಾಕುತ್ತದೆ. ನಾಲ್ಕು ತಿಂಗಳ ಪುಟಗಳನ್ನು ಒಟ್ಟಿಗೆ ತಿರುವಿದಾಗ ಹಳೆಯ ತೀರ್ಪು ಅಲುಗಾಡುತ್ತದೆ. ಎಡವಿದ ದಿನ ತನಗೆ ತಾನು ಏನು ಹೇಳಿಕೊಳ್ಳುತ್ತೇನೆ ಎಂಬುದನ್ನೂ ಗಮನಿಸಬೇಕು. ಅದೇ ತಪ್ಪು ಗೆಳತಿ ಮಾಡಿದ್ದರೆ ಅವಳಿಗೆ ದಡ್ಡಿ ಎನ್ನುತ್ತಿದ್ದೆನೇ? 2003ರಿಂದ ಈಚೆಗೆ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ ತಮ್ಮ ಮೇಲೆ ತಾವೇ ತೋರುವ ಕರುಣೆಯ ಬಗ್ಗೆ ಬರೆಯುತ್ತಿರುವುದು ಇದನ್ನೇ. ಎಲ್ಲರಿಗಿಂತ ಮೇಲು ಎಂದುಕೊಳ್ಳದೆಯೂ ತನ್ನನ್ನು ಗೌರವಿಸಿಕೊಳ್ಳಬಹುದು. ರೋಸೆನ್‌ಬರ್ಗ್ ಅವರಿಗೂ ಆತ್ಮಗೌರವ ಎಂದರೆ ‘ನಾನು ಸಾಕಷ್ಟು ಒಳ್ಳೆಯವನು’ ಎನ್ನುವುದಷ್ಟೇ ಆಗಿತ್ತು.

ಇಷ್ಟನ್ನೂ ಕುಗ್ಗಿದವರ ತಲೆಗೇ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಅವರನ್ನು ಕುಗ್ಗಿಸಿದ ನೋಟ ಹೊರಗಿನಿಂದ ಬಂದದ್ದು. ಅಪ್ಪ ಅಮ್ಮ ಅದ್ಭುತ ಎನ್ನಬೇಕಾಗಿಲ್ಲ. ‘ಈ ಲೆಕ್ಕ ಇನ್ನೊಂದು ದಾರಿಯಲ್ಲಿ ಮಾಡಿದ್ದೀಯಲ್ಲ, ಹೇಗೆ ಹೊಳೆಯಿತು?’ ಎಂದು ಕೇಳಿ ಉತ್ತರ ಮುಗಿಯುವವರೆಗೆ ಕೂತರೆ ಸಾಕು. ಪಿಯು ಕಾಲೇಜಿನ ಉಪನ್ಯಾಸಕರು ಜೂನ್ ತಿಂಗಳಲ್ಲಿ ಹೊಸ ಪದಗಳ ಪಕ್ಕದಲ್ಲಿ ಹತ್ತನೇ ತರಗತಿಯ ಕನ್ನಡ ಪದಗಳನ್ನೂ ಹಲಗೆಯ ಮೇಲೆ ಬರೆಯಲಿ. ‘ಕನ್ನಡದಲ್ಲಿ ಹೇಳು, ಆಮೇಲೆ ನಾವೆಲ್ಲ ಸೇರಿ ಇಂಗ್ಲಿಷಿಗೆ ತರೋಣ’ ಎನ್ನಲಿ. ತರಗತಿಗೆ ಇದರಿಂದ ಹತ್ತು ನಿಮಿಷ ಹೆಚ್ಚಾದೀತು. ಆ ಹತ್ತು ನಿಮಿಷದಲ್ಲಿ ಹಿಂದಿನ ಬೆಂಚಿನ ಹುಡುಗಿ ದ್ಯುತಿಸಂಶ್ಲೇಷಣೆಯನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಬಲ್ಲಳು. ಇಂಗ್ಲಿಷ್ ಮಾಧ್ಯಮದಿಂದ ಬಂದು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ ಸಹಪಾಠಿಗೂ ಪಾಠ ಅರ್ಥವಾಗುವುದು ಬಹುಶಃ ಆಗಲೇ.