ಹೇರಿದ ಉಪವಾಸ

ಅನ್ನವಿಲ್ಲದವನ ಹಸಿವನ್ನು ಯಾರೂ ವ್ರತವೆನ್ನುವುದಿಲ್ಲ. ಅನ್ನವಿದ್ದೂ ಸಂಕಲ್ಪಪೂರ್ವಕವಾಗಿ ಬಿಟ್ಟವನೇ ಉಪವಾಸಿ. ಹಾಗಾದರೆ ಒಂದು ಜೀವಿಯ ಹಿತಕ್ಕಾಗಿ ಮತ್ತೊಂದರ ಮೇಲೆ ಹೇರಿದ ಮಿತಾಹಾರಕ್ಕೆ ಯಾವ ಹೆಸರು?

ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದಲ್ಲಿ, ವಿಟ್‌ಚರ್ಚ್ ಪಟ್ಟಣದ ಸಮೀಪ, ಪ್ರೀಸ್ ಹೀತ್ ಎಂಬ ಬಯಲಿದೆ. ಹೀತ್ ಎಂದರೆ ಮರಳುಮಿಶ್ರಿತವಾದ, ಆಮ್ಲಗುಣದ, ಸಾರವಿಲ್ಲದ ನೆಲ. ಹೆದರ್ ಎಂಬ ಕುರುಚಲು ಗಿಡದ ತವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ವಿಮಾನ ನಿಲ್ದಾಣವಿತ್ತು. ಅನಂತರ ಬಹುಭಾಗ ಉಳುಮೆಗೆ ಒಳಗಾಯಿತು. ಗೊಬ್ಬರವುಂಡ ನೆಲದಲ್ಲಿ ಹೆದರ್ ಅಳಿಯಿತು. ಹಳೆಯ ರನ್‌ವೇಯ ಬದಿಯಲ್ಲಿ ಉಳಿದಷ್ಟು ಹೆದರನ್ನೇ ಆಶ್ರಯಿಸಿ, ರೆಕ್ಕೆಯ ಅಡಿಯಲ್ಲಿ ಬೆಳ್ಳಿಯ ಚುಕ್ಕೆಗಳುಳ್ಳ ಒಂದು ಪುಟ್ಟ ನೀಲಿ ಚಿಟ್ಟೆ ಬದುಕಿತು. ಅದರ ಹುಳುವಿಗೆ ಎಳೆಯ ಕುಡಿಗಳು ಬೇಕು. ಕಪ್ಪಿರುವೆಗಳು ಆ ಹುಳುವನ್ನು ಕಾಯುತ್ತವೆ. ಅದು ಸ್ರವಿಸುವ ಸಿಹಿರಸವೇ ಅವುಗಳ ಕೂಲಿ. ಚಿಟ್ಟೆಯಾದರೋ ಹುಟ್ಟಿದ ತಾಣದಿಂದ ಬಹುದೂರ ಹಾರುವುದು ವಿರಳ. ಗಿಡ ಹೋದರೆ ಅದಕ್ಕೆ ವಲಸೆಯ ದಾರಿಯಿಲ್ಲ.

ಚಿಟ್ಟೆಗಳ ರಕ್ಷಣೆಗೆಂದೇ ಇರುವ ಸಂಸ್ಥೆಯೊಂದು 2006ರಲ್ಲಿ ಸುಮಾರು 60 ಹೆಕ್ಟೇರ್ ಕೊಂಡಿತು. ಹೊಲಗಳನ್ನು ಆಳವಾಗಿ ಉತ್ತು, ಸಾರವತ್ತಾದ ಮೇಲ್ಮಣ್ಣನ್ನು ಕೆಳಕ್ಕೆ ಹೂಳಿ ಬಡಮಣ್ಣನ್ನು ಮೇಲೆ ತಂದರು. ಹುಳಿಯೇರಲೆಂದು ಗಂಧಕ ಬೆರೆಸಿದರು. ಬೀಜಸಹಿತ ಹೆದರ್ ಸೊಪ್ಪನ್ನು ಹರಡಿದರು. ಲೋಕವೆಲ್ಲ ಭೂಮಿಗೆ ಉಣಿಸುತ್ತಿರುವಾಗ ಇಲ್ಲಿ ಭೂಮಿಯ ತುತ್ತನ್ನು ಕಸಿದುಕೊಂಡರು.

ಮನುಷ್ಯನೇ ಅತಿಯಾಗಿ ಉಣಿಸಿದ್ದನ್ನು ಮನುಷ್ಯನೇ ತೆಗೆದನೆಂದರೆ ಇದಕ್ಕೆ ಸಮಾಧಾನ ದೊರೆಯಬಹುದು. ಆದರೆ ಬರ್ಚ್ ಸಸಿಯ ವಿಷಯದಲ್ಲಿ ಆ ಸಮಾಧಾನ ನಿಲ್ಲದು. ಅದು ಗಾಳಿಯಲ್ಲಿ ತೇಲಿಬಂದ ಬೀಜ, ತಾನಾಗಿ ಮೊಳೆತ ಜೀವ. ಬಿಟ್ಟರೆ ಬಯಲು ಕಾಡಾಗುತ್ತದೆ, ನೆರಳಿನಲ್ಲಿ ಹೆದರ್ ಕ್ಷೀಣಿಸುತ್ತದೆ. ಆದುದರಿಂದ ಅದನ್ನು ಕೀಳಬೇಕಾಗುತ್ತದೆ. ನೇಗಿಲಿಗೆ ಸಿಕ್ಕ ಮಣ್ಣಿನ ಹುಳುಗಳ ಲೆಕ್ಕವೂ ಇದರೊಡನೆಯೇ ಸೇರಬೇಕು. ಇದನ್ನು ಅಹಿಂಸೆಯೆಂದು ಕರೆಯುವುದು ಮಾತಿನ ಮೋಸ. ಗೃಹಸ್ಥನು ಬಾವಿ ತೋಡುವಾಗ ಆಗುವ ಹಿಂಸೆಯಂತೆ ಇದೂ ಅರಿತು ಹೊರಬೇಕಾದ ಭಾರ. ಕೈಕಟ್ಟಿ ಕುಳಿತವನೂ ಅದರಿಂದ ಪಾರಾಗನು; ಅವನ ಕಣ್ಣೆದುರಿಗೇ ಚಿಟ್ಟೆ ಅಳಿಯುತ್ತದೆ.

ವ್ರತವೆಂಬುದು ಇಲ್ಲಿ ಎಲ್ಲಿಯಾದರೂ ಇದ್ದರೆ, ನೆಲದಲ್ಲಿಯೂ ಇಲ್ಲ, ಬರ್ಚ್‌ನಲ್ಲಿಯೂ ಇಲ್ಲ. ಬೆಳೆಯಬಹುದಾಗಿದ್ದ ಧಾನ್ಯವನ್ನು ಬೇಡವೆಂದವರಲ್ಲಿದೆ. ತಮ್ಮ ತ್ಯಾಗಕ್ಕೆ ಅವರು ಒಪ್ಪಿಗೆಯಿತ್ತರು. ಸಸಿಯ ಒಪ್ಪಿಗೆಯನ್ನು ಕೇಳಿದವರಾರು? ಅದು ಮರುವರ್ಷ ಮತ್ತೆ ಮೊಳೆಯುತ್ತದೆ.