ಹೆಸರು ಹಿಡಿದು ಅಳುವುದು

ಬದುಕಿದ್ದಾಗ ಬಾಗಿಲು ಹಾಕಿಕೊಂಡವರಿಗೆ, ಸತ್ತ ಮೇಲೆ ದೀಪ ಹಚ್ಚುವ ಹಕ್ಕಿದೆಯೆ?

1998ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ರೀಟಾ ಹೆಸ್ಟರ್ ಎಂಬ ಕಪ್ಪು ಹೆಣ್ಣನ್ನು ಅವಳ ಮನೆಯಲ್ಲೇ ಇರಿದು ಕೊಂದರು. ಲೋಕ ಅವಳನ್ನು ಗಂಡು ಎಂದಿತ್ತು, ಅವಳು ಹೆಣ್ಣಾಗಿ ಬದುಕಿದ್ದಳು. ವರ್ಷಗಳು ಉರುಳಿದರೂ ಕೊಂದವರು ಸಿಗಲಿಲ್ಲ. ಚಾಕು ಒಮ್ಮೆ ಕೊಂದಿತು. ಸತ್ತ ಮೇಲೂ ಅವಳನ್ನು ‘ಅವನು’ ಎಂದು ಬರೆದ ಪತ್ರಿಕೆಗಳು ಇನ್ನೊಮ್ಮೆ ಕೊಂದವು. ಈ ಸಾವಿನ ನೆನಪಿನಲ್ಲಿ 1999ರಲ್ಲಿ ಗ್ವೆಂಡೊಲಿನ್ ಆನ್ ಸ್ಮಿತ್ ಮೊದಲಾದವರು ಶುರು ಮಾಡಿದ್ದು ನವೆಂಬರ್ 20ರ ಸ್ಮರಣೆಯ ದಿನ. ಅಂದು ಹಲವು ಊರುಗಳಲ್ಲಿ ಕ್ರೈಸ್ತರು, ಯೆಹೂದಿಗಳು, ಬೇರೆ ಧರ್ಮದವರು ಒಂದೇ ಸೂರಿನಡಿ ನಿಂತು, ಹಿಂಸೆಗೆ ಬಲಿಯಾದ ಲಿಂಗತ್ವ ಅಲ್ಪಸಂಖ್ಯಾತರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ.

ಧರ್ಮಗಳು ಒಂದಾದವು ಅಂತ ಚಪ್ಪಾಳೆ ತಟ್ಟೋಣವೆ? ಸ್ವಲ್ಪ ತಡೀರಿ. ಹೊರಗೆ ಹಾಕೋದರಲ್ಲಿ ಇವು ಯಾವತ್ತೋ ಒಂದಾಗಿದ್ದವು. ಸತ್ತವರು ಬಾಡಿಗೆ ಮನೆ ಕೇಳೋದಿಲ್ಲ, ಪಂಕ್ತಿಯಲ್ಲಿ ಕೂತು ಉಣ್ಣೋದಿಲ್ಲ, ಕೆಲಸ ಕೊಡಿ ಅನ್ನೋದಿಲ್ಲ. ಹೆಣಕ್ಕೆ ತೋರುವ ಕರುಣೆಗೆ ಖರ್ಚಿಲ್ಲ. ಇದು ನಮಗೇನು ಹೊಸದೆ? ಕೇರಿಯಲ್ಲಿ ಹೆಣ ಬಿದ್ದ ಮೇಲೆ ಜೀಪಿನಲ್ಲಿ ಬಂದು ಹಾರ ಹಾಕಿ, ಊರಬಾವಿಯ ಮಾತೆತ್ತದೆ ಹೋದವರನ್ನು ನಾವು ಕಂಡವರು.

ನಮ್ಮ ನಾಡಿನ ಕತೆಯೂ ಬೇರೆಯಲ್ಲ. ಸವದತ್ತಿಯಲ್ಲಿ ಜೋಗಪ್ಪನ ಕಾಲಿಗೆ ಬೀಳುವ ಜನವೇ, ಮನೆಯ ಮಗ ಸೀರೆ ಉಟ್ಟರೆ ಹೊಡೆದು ಅಟ್ಟುತ್ತದೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಹಿಜ್ರಾಗಳ ಹೆಸರು, ವಿಳಾಸ ಬರೆದಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟರು. ಹೋರಾಟ, ಮೊಕದ್ದಮೆ ಆದಮೇಲೆ ಆ ಪದ ತೆಗೆದರು. ಕೊಲೆಯಾದವರ ಲೆಕ್ಕ ಕೇಳದ ವ್ಯವಸ್ಥೆ ಬದುಕಿದ್ದವರ ಪಟ್ಟಿ ಮಾಡಲು ಹೊರಟಿತ್ತು! 2019ರ ಕಾನೂನು ಇವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಗೊತ್ತುಮಾಡಿದ ಗರಿಷ್ಠ ಶಿಕ್ಷೆ 2 ವರ್ಷ. ಆಗ ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷವಿತ್ತು. ಮಾನದಲ್ಲೂ ಮೇಲು ಕೀಳು.

ಹಾಗಾದರೆ ದೀಪ ಆರಿಸೋಣವೆ? ಬೇಡ. ಹೆಸರು ಓದುವುದು ಸಣ್ಣ ಕೆಲಸವಲ್ಲ. ಜಾತಿಯ ಹೆಸರನ್ನೇ ಬೈಗುಳವಾಗಿ ಕೇಳುತ್ತ ಬೆಳೆದ ನಮಗೆ, ತಾನೇ ಇಟ್ಟುಕೊಂಡ ಹೆಸರಿನ ಬೆಲೆ ಗೊತ್ತು. ಆದರೆ ಗೆಳೆಯರೇ, ಹೇಡಿಗಳನ್ನು ಹಂಗಿಸುವಾಗ ‘ಬಳೆ ತೊಟ್ಕೊಳ್ಳಿ’ ಅಂತ ವೇದಿಕೆ ಹತ್ತಿ ಕೂಗಿದವರು ಯಾರು? ನಾವೇ. ಆ ಮಾತು ಸಭೆಯ ಮೂಲೆಯಲ್ಲಿ ನಿಂತಿದ್ದ ಯಾರಿಗೆ ನಾಟಿತೋ, ನಾವು ತಿರುಗಿ ನೋಡಲಿಲ್ಲ. ಗುಡಿ, ಮಸೀದಿ, ಚರ್ಚುಗಳಿಂದ ಕೇಳುವ ತಪ್ಪೊಪ್ಪಿಗೆಯನ್ನು ಮೊದಲು ನಾವೇ ಕೊಡಬೇಕು.

ಅಳುವ ಹಕ್ಕು ಪುಕ್ಕಟೆ ಬರೋದಿಲ್ಲ. ಸತ್ತವಳ ಹೆಸರು ಓದಿದವನ ಮನೆಯಲ್ಲಿ, ಶಾಲೆಯಲ್ಲಿ, ಸಂಘದಲ್ಲಿ ಅವಳಂಥವಳೊಬ್ಬಳು ಕೂರಲು ಜಾಗ ಬೇಕು. ಮುಂದಿನ ವರ್ಷದ ಪಟ್ಟಿಯಲ್ಲಿ ಅವಳ ಹೆಸರು ಇರಕೂಡದು. ಅದಕ್ಕಾಗಿ ಹಚ್ಚುವುದಾದರೆ ಹಚ್ಚೋಣ ದೀಪ.